ಹದಿನೇಳನೆಯ ಹಂಸ

ನದಿಯ ಆಚೆ ದಡದಲ್ಲಿ ನಿಂತಿದ್ದ ಆ ಗಂಡಸು ಬಲಗೈ ಮೇಲೆತ್ತಿ ಒಂದೇ ಒಂದು ಬೆರಳು ತೋರಿಸಿದ.

ಆಮೇಲೆ ಅದೇ ಬೆರಳನ್ನು ನೇರವಾಗಿ ಬ್ರೀಡಾಳ ಕಡೆ ಚಾಚಿದ.

ಒಂದು... ನೀನು!

ಅವಳು ದುರ್ಬೀನನ್ನು ಕಣ್ಣಿನಿಂದ ಕೆಳಗಿಳಿಸಿದಳು. ನೋಡಿದ್ದು ನಿಜವೇ? ಗಾಜನ್ನು ಕೋಟಿನ ತುದಿಯಲ್ಲಿ ಒರೆಸಿ ಮತ್ತೆ ಕಣ್ಣಿಗಿಟ್ಟುಕೊಂಡಳು. ಮತ್ತೆ ಅದೇ! ಒಂದು ಬೆರಳು, ಆಮೇಲೆ ಅವಳ ಕಡೆ. ಅಷ್ಟು ಸಾಲದೆಂಬಂತೆ ಆ ಮಹಾನುಭಾವ ಕತ್ತು ಕುಗ್ಗಿಸಿ, ಎಡಗೈಯನ್ನು ಜೋತುಬಿಟ್ಟು, ಮುದುರಿಕೊಂಡು ನಿಂತು ತೋರಿಸಿದ.

ಬ್ರೀಡಾಳ ಮೈಯೆಲ್ಲ ಉರಿದುಹೋಯಿತು.

'ಅಣಕಿಸ್ತಿದ್ದಾನೆ! ಒಂಟಿ ಹೆಂಗಸು ನೀನು, ಹೀಗೆ ಮುದುರ್ಕೊಂಡು ಕೂತಿರ್ತೀಯ ಅಂತ ನನಗೇ ಮಾಡಿ ತೋರಿಸ್ತಿದ್ದಾನೆ!'

ಬೇರೆ ಯಾರಾದರೂ ಅಂದಿದ್ದರೆ ನುಂಗಿಕೊಳ್ಳುತ್ತಿದ್ದಳು. ಊರಿನವರು ಅನ್ನುವುದನ್ನು ನುಂಗಿ ನುಂಗಿ ಅಭ್ಯಾಸವಾಗಿತ್ತು. ಆದರೆ ಇವನು... ಇವನೊಬ್ಬ ಹಾಗಲ್ಲ ಎಂದುಕೊಂಡಿದ್ದಳಲ್ಲ!

ಎಣಿಕೆಯ ಹಾಳೆಯಲ್ಲಿ 'ಹದಿನಾರು' ಎಂದು ಒತ್ತಿ ಬರೆದಳು. ಪೆನ್ಸಿಲಿನ ಮೊನೆ ಮುರಿಯಿತು. ಮಡಚುವ ಸ್ಟೂಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಹಿಂದಿರುಗಿ ಕೂಡ ನೋಡದೆ ಮನೆಯ ಕಡೆ ಹೊರಟಳು. ನೋಡಿದ್ದರೆ, ಆಚೆ ದಡದಲ್ಲಿ ಅವನು ಎರಡೂ ಕೈಗಳನ್ನು ಗಾಳಿಯಲ್ಲಿ ಬೀಸುತ್ತಾ, ನಿಲ್ಲಿ ನಿಲ್ಲಿ ಎನ್ನುತ್ತಿದ್ದುದು ಕಾಣುತ್ತಿತ್ತು.

ಇವರಿಬ್ಬರ ಸಂಗತಿಯನ್ನು ಸ್ವಲ್ಪ ಹಿಂದಿನಿಂದ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನೀವೂ ಅವಳ ಜೊತೆ ಸೇರಿ ಆ ಬಡಪಾಯಿಯನ್ನು ಬೈಯಲು ಶುರುಮಾಡುತ್ತೀರಿ.

ನಮ್ಮ ಶ್ಯಾನನ್ ನದಿ ಬೇಸಿಗೆಯಲ್ಲಿ ಸಾಧು. ಚಳಿಗಾಲ ಬಂತೆಂದರೆ ದಡ ಮೀರಿ ಹುಲ್ಲುಗಾವಲುಗಳ ಮೇಲೆಲ್ಲ ಮಲಗಿಬಿಡುತ್ತದೆ. ಆಗ ಅರ್ಧ ಮೈಲಿ ಅಗಲ. ಈಚೆ ದಡ ಆಫಲಿ ಜಿಲ್ಲೆ, ಆಚೆ ದಡ ಗಾಲ್ವೇ ಜಿಲ್ಲೆ. ದಾಟಬೇಕೆಂದರೆ ಏಳು ಮೈಲಿ ಮೇಲಕ್ಕೆ ಹೋಗಿ, ಸೇತುವೆ ಹಾದು, ಮತ್ತೆ ಏಳು ಮೈಲಿ ಕೆಳಕ್ಕೆ ಬರಬೇಕು. ಹರ್ಲಿಂಗ್ ಎಂಬ ಕೋಲು-ಚೆಂಡಿನ ಆಟದ ಪಂದ್ಯದ ದಿನ ಬೈದಾಡುವುದಕ್ಕೆ ಬಿಟ್ಟರೆ ಈ ದಡದವರು ಆ ದಡದವರನ್ನು ನೆನೆಸಿಕೊಳ್ಳುವುದೂ ಇಲ್ಲ.

ಹಂಸಗಳಿಗೆ ಮಾತ್ರ ಆ ಜಿಲ್ಲೆ ಈ ಜಿಲ್ಲೆ ಎಂಬುದಿಲ್ಲ. ಇಲ್ಲಿದ್ದದ್ದು ಹಾರಿಹೋಗಿ ಅಲ್ಲಿ ಕೂತರೆ ಲೆಕ್ಕದಲ್ಲಿ ಒಂದು ಹಕ್ಕಿ ಎರಡಾಯಿತು. ಅದಕ್ಕೇ ಹಂಸಗಳ ಎಣಿಕೆ ನಡೆಸುತ್ತಿದ್ದ ಫಿಲೊಮಿನಾ ಟೀಚರ್ ಒಂದು ಕಟ್ಟಳೆ ಮಾಡಿದ್ದರು. ಅಕ್ಟೋಬರಿನಿಂದ ಮಾರ್ಚ್‌ವರೆಗೆ, ತಿಂಗಳ ಎರಡನೇ ಭಾನುವಾರ, ಬೆಳಿಗ್ಗೆ ಹತ್ತರಿಂದ ಹತ್ತೂವರೆ. ನದಿಯ ಉದ್ದಕ್ಕೂ, ಕೊಳಗಳ ಹತ್ತಿರ, ಕಾಲುವೆಯ ಪಕ್ಕ, ಎಲ್ಲ ಸ್ವಯಂಸೇವಕರೂ ಒಂದೇ ಹೊತ್ತಿಗೆ ಎಣಿಸಬೇಕು. ಮಳೆ ಬರಲಿ, ಹಿಮ ಬೀಳಲಿ, ಟೀಚರ್‌ಗೆ ನೆಪ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಸ್ವಯಂಸೇವಕರಲ್ಲಿ ಅರ್ಧ ಜನ ಅವರ ಕೈಯಲ್ಲೇ ಮಗ್ಗಿ ಕಲಿತವರು.

ಬ್ರೀಡಾಳದು ಏಳನೇ ನಂಬರ್ ಜಾಗ. ಹಿಂದೆ ದೋಣಿಗಳು ಬಂದು ನಿಲ್ಲುತ್ತಿದ್ದ ಹಳೆಯ ಕಲ್ಲುಕಟ್ಟೆ. ಅದಕ್ಕೆ ಸರಿಯಾಗಿ ಎದುರು, ಗಾಲ್ವೇ ದಡದಲ್ಲಿ ಎಂಟನೇ ನಂಬರ್.

ಅಲ್ಲಿ ನೀರು ಅಗಲ. ಇಬ್ಬರಿಗೂ ಕಾಣುವುದು ಅವೇ ಹಂಸಗಳು. ಆದ್ದರಿಂದ ಎಣಿಸಿ ಮುಗಿದ ಮೇಲೆ ಒಬ್ಬರಿಗೊಬ್ಬರು ತಾಳೆ ನೋಡಬೇಕು. ಅರ್ಧ ಮೈಲಿ ನೀರಿನ ಮೇಲೆ ಕೂಗಿದರೆ ಕೇಳುತ್ತದೆಯೇ? ಅದು ಎಂಬತ್ತಾರನೇ ಇಸವಿ, ಜೇಬಿನಲ್ಲಿ ಫೋನು ಇಟ್ಟುಕೊಂಡು ಓಡಾಡುವ ಕಾಲವಲ್ಲ. ಕೈಸನ್ನೆಯೇ ಗತಿ. ತೋಳು ಮೇಲೆತ್ತಿದರೆ ಹತ್ತು, ಆಮೇಲೆ ಬೆರಳಿಗೊಂದು. ಲೆಕ್ಕ ಕೂಡಿದರೆ ಇಬ್ಬರೂ ಟೋಪಿ ಎತ್ತುವುದು. ಅಷ್ಟೇ. ಮುಂದಿನ ತಿಂಗಳವರೆಗೆ ಸಂಬಂಧವಿಲ್ಲ.

ಹೀಗೆ ಮೂರು ಚಳಿಗಾಲ ಕಳೆದಿತ್ತು. ಅವನ ಹೆಸರು ಅವಳಿಗೆ ಗೊತ್ತಿಲ್ಲ, ದನಿ ಕೇಳಿಲ್ಲ. ಮನಸ್ಸಿನಲ್ಲಿ ಅವನನ್ನು 'ಎಂಟನೇ ನಂಬರ್' ಎಂದೇ ಕರೆಯುತ್ತಿದ್ದಳು.

ನಿಜ ಹೇಳಬೇಕೆಂದರೆ, ದಿನಕ್ಕೆ ನಾಲ್ಕು ಸಲ ಕರೆಯುತ್ತಿದ್ದಳು.

ಅವಳಿಗೆ ಮೂವತ್ತೇಳು. ಒಂಬತ್ತು ವರ್ಷ ಹಾಸಿಗೆ ಹಿಡಿದ ಅಮ್ಮನನ್ನು ನೋಡಿಕೊಂಡಿದ್ದಳು. ಅಮ್ಮ ಹೋಗಿ ಎರಡು ವರ್ಷ. ವಾರಕ್ಕೆ ಮೂರು ದಿನ ಲೈಬ್ರರಿಯ ಕೆಲಸ. ಉಳಿದ ನಾಲ್ಕು ದಿನ... ಉಳಿದ ನಾಲ್ಕು ದಿನ ಇತ್ತು, ಅಷ್ಟೇ. ಮನೆಗೆ ಬಂದು ಕೋಟು ಬಿಚ್ಚುವಾಗ "ಉಸ್ಸಪ್ಪಾ" ಎಂದರೆ ಅದೇ ಆ ದಿನ ಆ ಮನೆಯಲ್ಲಿ ಆಡಿದ ಮೊದಲ ಮಾತು. ಕೊನೆಯದೂ ಅದೇ.

ಶನಿವಾರ ಮಾಂಸದಂಗಡಿಗೆ ಹೋದರೆ ಅಂಗಡಿಯವನು ಎಲ್ಲರೆದುರು ಗಟ್ಟಿಯಾಗಿ ಕೇಳುತ್ತಿದ್ದ, "ಒಂದೇ ತುಂಡು ಸಾಕಾ ಬ್ರೀಡಾ?"

"ಸಾಕು."

"ಒಂದೇ?"

"ಒಂದೇ ಕಣಪ್ಪಾ! ಎಷ್ಟು ಸಲ ಹೇಳ್ಬೇಕು?"

ಸರತಿಯಲ್ಲಿ ನಿಂತ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಪಾಪ ಎಂದು ಲೊಚಗುಟ್ಟುತ್ತಿದ್ದರು. ಆ 'ಒಂದು' ಎಂಬ ಮಾತಿಗೆ ಅವಳೊಳಗೆ ಒಂದು ಹಸಿ ಗಾಯವೇ ಆಗಿಬಿಟ್ಟಿತ್ತು.

ಅಂಥವಳಿಗೆ ಎಂಟನೇ ನಂಬರಿನವನು ಒಂದು ಬೆರಳು ತೋರಿಸಿದ್ದ. ಡಿಸೆಂಬರಿನಲ್ಲೇ ತಕರಾರು ಶುರುವಾಗಿತ್ತು. ಅವಳ ಲೆಕ್ಕ ಹದಿನಾಲ್ಕು, ಅವನದು ಹದಿನೈದು. ಅವಳು ಮೂರು ಸಲ ಎಣಿಸಿದಳು. ಹದಿನಾಲ್ಕೇ! ಅವನು ಹಟ ಬಿಡಲಿಲ್ಲ. ಜನವರಿಯಲ್ಲಿ ಅವಳದು ಹದಿನಾರು, ಅವನದು ಹದಿನೇಳು. ಆಮೇಲೆ ಆ ಬೆರಳು.

ಮರುದಿನವೇ ಟೀಚರ್‌ಗೆ ಫೋನು ಮಾಡಿದಳು.

"ಟೀಚರ್, ಎಂಟನೇ ನಂಬರಿನವರು ಸರಿ ಇಲ್ಲ."

"ಏನೇ ಅದು ಸರಿ ಇಲ್ಲ ಅಂದ್ರೆ? ಕುಡಿದು ಬರ್ತಾನಾ?"

"ಇಲ್ಲ... ಲೆಕ್ಕಕ್ಕೆ ಒಂದು ಸೇರಿಸ್ಕೊಂಡು ಹೇಳ್ತಾರೆ. ಮತ್ತೆ... ನನ್ನ ಕಡೆ ಕೈ ಮಾಡಿ ಏನೇನೋ ತೋರಿಸ್ತಾರೆ."

ಟೀಚರ್ ಗುಡುಗಿದರು. "ಕೈ ಮಾಡಿದ್ನಾ! ನನ್ನ ಎಣಿಕೆಯಲ್ಲಿ ಆ ಥರದ್ದೆಲ್ಲ ನಡಿಯಲ್ಲ. ನೀನು ಸುಮ್ನಿರು, ನಾನು ನೋಡ್ಕೋತೀನಿ."

ಫೋನು ಇಟ್ಟ ಮೇಲೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಎದೆಯಲ್ಲಿ ಏನೋ ಖಾಲಿ ಖಾಲಿ ಅನಿಸಿತು.

ಹತ್ತು ದಿನ ಕಳೆದು, ಒಂದು ಮಧ್ಯಾಹ್ನ ಟೀಚರ್ ಲೈಬ್ರರಿಗೇ ಬಂದರು. ಕೈಯಲ್ಲಿ ಒಂದು ಬಿಸ್ಕತ್ತಿನ ಡಬ್ಬ.

"ತಗೋ, ಬಿಟ್ಟುಬಿಟ್ಟ ನಿನ್ನ ಎಂಟನೇ ನಂಬರ್. ಹೊಸಬರು ಸಿಗೋವರೆಗೂ ಎರಡು ದಡದ ಲೆಕ್ಕಾನೂ ನೀನೇ ನೋಡ್ಕೋ. ಇದು ಅವನ ಹಳೇ ಹಾಳೆಗಳು."

"ಬಿಟ್ಟುಬಿಟ್ರಾ?" ಬ್ರೀಡಾಳ ದನಿ ಸಣ್ಣಗಾಯಿತು. "ಏನಂದ್ರು?"

"ಜಗಳ ಆಡ್ತಾನೆ ಅಂದ್ಕೊಂಡಿದ್ದೆ. ಒಂದು ಚೀಟಿ ಬರೆದು ಕಳಿಸಿದ ಅಷ್ಟೇ. ಮೇಲಿದೆ ನೋಡು."

ಚೀಟಿಯಲ್ಲಿ ಬಡಗಿಯ ಪೆನ್ಸಿಲಿನ ದಪ್ಪ ಅಕ್ಷರ. 'ಎದುರು ದಡದವರಿಗೆ ನನ್ನಿಂದ ಬೇಸರವಾಗಿದ್ದರೆ ನಾನು ಇನ್ನು ಆ ಜಾಗಕ್ಕೆ ಹೋಗುವುದಿಲ್ಲ. ದಯವಿಟ್ಟು ಅವರು ಬಿಡುವುದು ಬೇಡ. ಅವರು ಚೆನ್ನಾಗಿ ಎಣಿಸುತ್ತಾರೆ. ಮ್ಯಾಲಕಿ ಹೆಸ್ಸಿಯನ್.'

ಮ್ಯಾಲಕಿ... ಹೆಸರು ಗೊತ್ತಾಗಿದ್ದು ಅವನು ಹೋದ ಮೇಲೆ!

"ಟೀಚರ್, ಈ ಹಾಳೆಗಳನ್ನ ನೀವು ಓದಿದ್ದೀರಾ?"

"ಮೊತ್ತ ನೋಡ್ತೀನಿ, ಕೂಡಿಸ್ತೀನಿ, ಡಬ್ಬಕ್ಕೆ ಹಾಕ್ತೀನಿ. ಪಕ್ಕದಲ್ಲಿ ಷರಾ ಅಂತ ಇರುತ್ತಲ್ಲ, ಅದನ್ನೆಲ್ಲ ಯಾರೇ ಓದ್ತಾರೆ? ಮಳೆ ಬಂತು, ಗಾಳಿ ಬೀಸ್ತು ಅಂತ ಬರೆದಿರ್ತೀರ, ನಂಗೇನು ಕಿಟಕಿ ಇಲ್ವಾ?"

ಟೀಚರ್ ಹೋದರು. ಲೈಬ್ರರಿಯಲ್ಲಿ ಯಾರೂ ಇರಲಿಲ್ಲ. ಬ್ರೀಡಾ ಡಬ್ಬದಿಂದ ಒಂದೊಂದೇ ಹಾಳೆ ತೆಗೆದಳು. ಮೊತ್ತ ಕಣ್ಣಿಗೆ ಬೀಳಲೇ ಇಲ್ಲ. ಅವಳು ನೇರ ಷರಾ ಓದತೊಡಗಿದಳು.

ಮೊದಲ ಚಳಿಗಾಲ, ಅಕ್ಟೋಬರ್. 'ಮೋಡ. ಎದುರು ದಡದವರು ಬಂದರು.'

ನವೆಂಬರ್. 'ಜೋರು ಗಾಳಿ. ಎದುರು ದಡದವರು ಬಂದರು. ಹೊಸ ಬೂಟು ಕಚ್ಚುತ್ತಿದೆ ಅನಿಸುತ್ತದೆ, ಕುಂಟುತ್ತಿದ್ದರು.'

ಡಿಸೆಂಬರ್. 'ಮಂಜು. ಎದುರು ದಡದವರು ಬಂದರು. ಸದ್ಯ.'

ಜನವರಿ. 'ಬಿಸಿಲು. ಎದುರು ದಡದವರು ಬರಲಿಲ್ಲ. ನಾನೊಬ್ಬನೇ ಎಣಿಸಿದೆ. ಟೋಪಿ ಎತ್ತಲು ಯಾರೂ ಇರಲಿಲ್ಲ. ಹನ್ನೆರಡರವರೆಗೆ ಕಾದೆ.'

ಆ ಜನವರಿಯ ಭಾನುವಾರ ಮನೆಯಲ್ಲಿ ಅಮ್ಮನ ಶವ ಇತ್ತು. ಊರಿಗೆ ಊರೇ ಬಂದಿತ್ತು. ಚಹಾ ಕುಡಿದು, ಹ್ಯಾಮ್ ಸ್ಯಾಂಡ್‌ವಿಚ್ ತಿಂದು, ಪ್ರಾರ್ಥನೆ ಹೇಳಿ, ಅವಳ ಕೈ ಹಿಡಿದು ಹೋಗಿತ್ತು. ಅದೇ ಹೊತ್ತಿನಲ್ಲಿ ಹೆಸರೂ ಗೊತ್ತಿಲ್ಲದ ಒಬ್ಬ ಮನುಷ್ಯ ಚಳಿಯಲ್ಲಿ ನಿಂತು ಅವಳಿಗಾಗಿ ಕಾದಿದ್ದ!

ಫೆಬ್ರವರಿ. 'ತುಂತುರು. ಎದುರು ದಡದವರು ಬಂದರು. ಕಪ್ಪು ಕೋಟು. ಮನೆಯಲ್ಲಿ ಸಾವಾಗಿರಬೇಕು. ಎಣಿಸುವಾಗ ಎರಡು ಸಲ ತಪ್ಪಿದರು. ನಾನು ಅವಸರ ಮಾಡಲಿಲ್ಲ.'

ಅಕ್ಷರಗಳು ಕಲಸಿಹೋದವು. ಅವಳು ಕಣ್ಣೊರೆಸಿಕೊಂಡು ಒಂದೊಂದನ್ನೂ ಓದಿದಳು. ಎರಡು ಚಳಿಗಾಲ, ಹನ್ನೆರಡು ಹಾಳೆ. ಎಲ್ಲದರಲ್ಲೂ ಹವಾಮಾನ ಒಂದು ಪದ, ಉಳಿದದ್ದು ಅವಳು.

ಆಮೇಲೆ ಈ ಚಳಿಗಾಲದ ಡಿಸೆಂಬರ್. 'ಹದಿನೈದು. ಎದುರಿನ ಕಲ್ಲುಕಟ್ಟೆಯ ಕೆಳಗೆ ಗೂಡಿನಂಥ ಪೊಟರೆ ಇದೆ. ಅದರಲ್ಲಿ ಒಂದು ಹಂಸ, ಎಡ ರೆಕ್ಕೆ ಜೋತಿದೆ. ಅವರು ಸರಿಯಾಗಿ ಅದರ ತಲೆಯ ಮೇಲೇ ಕೂರುವುದರಿಂದ ಅವರಿಗೆ ಕಾಣುವುದಿಲ್ಲ.'

ಜನವರಿ. 'ಹದಿನೇಳು. ಆ ಹಂಸ ಇನ್ನೂ ಅಲ್ಲೇ ಇದೆ, ಮುದುರಿಕೊಂಡಿದೆ. ಒಂದು, ನಿಮ್ಮ ಕೆಳಗೆ, ರೆಕ್ಕೆ ಜೋತಿದೆ ಎಂದು ಕೈಮಾಡಿ ತೋರಿಸಿದೆ. ಅವರು ಸಿಟ್ಟಾಗಿ ಎದ್ದು ಹೋದರು. ಏನು ತಪ್ಪು ಮಾಡಿದೆನೋ ತಿಳಿಯಲಿಲ್ಲ.'

"ಅಯ್ಯೋ ದೇವರೇ..." ಬ್ರೀಡಾ ಬಾಯಿ ಮೇಲೆ ಕೈ ಇಟ್ಟುಕೊಂಡಳು.

ಲೈಬ್ರರಿಗೆ ಬೀಗ ಜಡಿದು ಓಡಿದಳು. ಕೆಸರು, ಮುಳ್ಳು ಒಂದೂ ನೋಡಲಿಲ್ಲ. ಕಲ್ಲುಕಟ್ಟೆಯ ಮೇಲೆ, ತಾನು ಮೂರು ವರ್ಷ ಸ್ಟೂಲು ಹಾಕಿ ಕೂರುತ್ತಿದ್ದ ಜಾಗದಲ್ಲೇ ಬೋರಲು ಮಲಗಿ, ಒದ್ದೆ ಕಲ್ಲಿಗೆ ಕೆನ್ನೆ ಒತ್ತಿ, ತಲೆಯನ್ನು ಕೆಳಕ್ಕೆ ಇಳಿಬಿಟ್ಟು ನೋಡಿದಳು.

ಎರಡು ಮೊಳ ಕೆಳಗೆ, ಕಲ್ಲು ಜರಿದು ಆಗಿದ್ದ ಪೊಟರೆಯಲ್ಲಿ, ಹಂಸ ಕೂತಿತ್ತು. ಎಡ ರೆಕ್ಕೆ ನೀರಿಗೆ ಜೋತಿತ್ತು. ಅದು ಕತ್ತೆತ್ತಿ ಅವಳನ್ನು ನೋಡಿ 'ಹುಸ್ಸ್' ಎಂದು ಸಿಟ್ಟು ಕಾರಿತು.

"ಬೈಯಿ," ಬ್ರೀಡಾ ಅಳುತ್ತಲೇ ಅಂದಳು. "ಚೆನ್ನಾಗಿ ಬೈಯಿ. ನಿನ್ನ ತಲೆ ಮೇಲೇ ಕೂತ್ಕೊಂಡು ನೀನು ಇಲ್ಲ ಇಲ್ಲ ಅಂತ ಬರ್ಕೊಂಡವಳು ನಾನು..."

ಪಶುವೈದ್ಯರನ್ನು ಕರೆಸಿದಳು. ಅವರು ಹಗ್ಗ ಹಿಡಿದು ಇಳಿದು, ಎರಡು ಸಲ ಕಚ್ಚಿಸಿಕೊಂಡು, ಮೂಳೆ ಮುರಿದಿಲ್ಲ, ಉಳುಕಿದೆ, ತಾನೇ ಕೂಡಿಕೊಳ್ಳುತ್ತದೆ, ಹೊಟ್ಟೆಗೆ ಹಾಕುತ್ತಿರಿ ಸಾಕು ಎಂದರು. ಅಂದಿನಿಂದ ದಿನಾ ಒಂದು ಡಬ್ಬ ಬಾರ್ಲಿ ತಂದು ಸುರಿಯತೊಡಗಿದಳು.

ಹಂಸದ ಲೆಕ್ಕ ಸರಿಹೋಯಿತು. ಮನುಷ್ಯನದು?

ಟೀಚರ್‌ಗೆ ಫೋನು ಮಾಡಿ ಎಲ್ಲವನ್ನೂ ಹೇಳಿದಳು. ಟೀಚರ್, "ನಾನು ಆ ಮನುಷ್ಯನಿಗೆ ಯಾವ ಥರ ಕಾಗದ ಬರೆದಿದ್ದೀನಿ ಗೊತ್ತೇನೇ ನಿನಗೆ?" ಎಂದರು. "ಪಾದ್ರಿಗಳ ಹತ್ರ ಪಾಪ ಒಪ್ಪಿಕೋ ಅಂತ ಬೇರೆ ಬರೆದೆ!"

"ನಾನೇ ಹೋಗಿ ಹೇಳ್ತೀನಿ ಟೀಚರ್."

"ಕಾಗದ ಬರಿಯೇ. ಹದಿನಾಲ್ಕು ಮೈಲಿ ಯಾಕೆ ತುಳೀತೀಯ?"

ಬರೆಯಲು ಕೂತಳು. ನಾಲ್ಕು ಸಲ ಬರೆದು ಹರಿದಳು. 'ಕ್ಷಮಿಸಿ' ಎಂದ ಮೇಲೆ ಮುಂದೆ ಏನು? ನಿಮ್ಮ ಷರಾ ಓದಿದೆ ಎಂದು ಹೇಗೆ ಬರೆಯುವುದು? ಅವನು ನಾಚಿಕೆಯಿಂದ ಇನ್ನೂ ದೂರ ಹೋಗಿಬಿಟ್ಟರೆ? ತನ್ನನ್ನು ನೋಡಿ, ಬಂದಳು ಎಂದು ಬರೆದುಕೊಂಡ ಒಂದೇ ಒಂದು ಜೀವ ಈ ಭೂಮಿಯ ಮೇಲೆ ಇತ್ತು. ಅದನ್ನು ತಾನೇ ಓಡಿಸಿದ್ದಳು. ಇದು ಅಂಚೆಯಲ್ಲಿ ತೀರುವ ವಿಷಯವಲ್ಲ.

ಫೆಬ್ರವರಿಯ ಎರಡನೇ ಭಾನುವಾರ ಅವಳು ಚರ್ಚಿನ ಬೆಳಗಿನ ಪೂಜೆಗೆ ಹೋಗಲಿಲ್ಲ. ಹುಟ್ಟಿದಾಗಿನಿಂದ ಇದೇ ಮೊದಲು. ಸೈಕಲ್ ಹತ್ತಿ, ಎದುರು ಗಾಳಿಗೆ ತುಳಿದು ತುಳಿದು, ಸೇತುವೆ ದಾಟಿ, ಹತ್ತಕ್ಕೆ ಐದು ನಿಮಿಷ ಇರುವಾಗ ಎಂಟನೇ ನಂಬರ್ ಜಾಗಕ್ಕೆ ಬಂದಳು.

'ಬಿಟ್ಟಿದ್ದೀನಿ ಅಂದ್ರೂ ಎಣಿಕೆಯ ದಿನ ಮನಸ್ಸು ತಡೆಯಲ್ಲ. ಬರ್ತಾರೆ. ಬಂದೇ ಬರ್ತಾರೆ...'

ಅಲ್ಲಿ ಯಾರೂ ಇರಲಿಲ್ಲ. ಒಂದು ಮರದ ಪೆಟ್ಟಿಗೆ ಬೋರಲು ಬಿದ್ದಿತ್ತು. ಅದರ ಸುತ್ತ ಹುಲ್ಲು ಸವೆದು ಮಣ್ಣು ಕಾಣುತ್ತಿತ್ತು. ಬ್ರೀಡಾ ಆ ಪೆಟ್ಟಿಗೆಯ ಮೇಲೆ ಕುಸಿದು ಕೂತು ತನ್ನದೇ ದಡವನ್ನು ನೋಡಿದಳು.

ಎಷ್ಟು ಬೋಳು ಜಾಗ ಅದು! ಅರ್ಧ ಮೈಲಿ ಬೂದು ನೀರು, ಆಚೆ ಒಂದು ಕಲ್ಲುಕಟ್ಟೆ, ಮೇಲೆ ಆಕಾಶ. ಅಲ್ಲಿ ಕೂತ ಹೆಂಗಸು ಎಷ್ಟು ಸಣ್ಣಗೆ ಕಂಡಿರಬೇಕು... ಅಷ್ಟು ದೂರದಿಂದಲೂ ಬೂಟು ಕಚ್ಚುತ್ತಿದೆ ಎಂದು ಗಮನಿಸಿದ್ದನಲ್ಲ!

ಅಷ್ಟರಲ್ಲಿ ಕಲ್ಲುಕಟ್ಟೆಯ ಮೇಲೆ ಏನೋ ಅಲುಗಿತು.

ದುರ್ಬೀನು ಎತ್ತಿದಳು. ಒಬ್ಬ ಗಂಡಸು ಕಟ್ಟೆಯ ತುದಿಯಲ್ಲಿ ಮಂಡಿಯೂರಿ ಪೊಟರೆಯೊಳಗೆ ಇಣುಕುತ್ತಿದ್ದ. ಎದ್ದು ನಿಂತ. ಅತ್ತಿತ್ತ ನೋಡಿದ. ಅವಳ ಸ್ಟೂಲಿನ ಜಾಗ ನೋಡಿದ. ಆಮೇಲೆ ನಿಧಾನಕ್ಕೆ ತಿರುಗಿ ನದಿಯಾಚೆ ದುರ್ಬೀನು ಹಿಡಿದ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

ಏನಾಯಿತು ತಿಳಿಯಿತಲ್ಲ? ಇವಳು ಅವನನ್ನು ಹುಡುಕಿ ಆ ದಡಕ್ಕೆ ಹೋದರೆ, ಅವನು ಇವಳನ್ನು ಹುಡುಕಿ ಈ ದಡಕ್ಕೆ ಬಂದಿದ್ದ! ನಡುವೆ ಮತ್ತೆ ಅದೇ ಅರ್ಧ ಮೈಲಿ ನೀರು. ಹಣೆಬರಹ ಎಂದರೆ ಇದಪ್ಪಾ!

ಬ್ರೀಡಾ ದಡಬಡಿಸಿ ಎದ್ದು ತನ್ನ ಎದೆ ಮುಟ್ಟಿಕೊಂಡು ಅವನ ಕಡೆ ಕೈ ತೋರಿಸಿದಳು. ನಾನು ಬರ್ತೀನಿ! ಅವನೂ ಎದೆ ಮುಟ್ಟಿಕೊಂಡು ಅವಳ ಕಡೆ ತೋರಿಸಿದ. ಅವಳು ಅಂಗೈ ಅಡ್ಡ ಹಿಡಿದಳು. ಅಲ್ಲೇ ಇರಿ! ಅವನೂ ಅಂಗೈ ಹಿಡಿದ. ಇಬ್ಬರೂ ಸುಮ್ಮನೆ ನಿಂತರು. ಇಬ್ಬರೂ ಹೊರಟರು. ಹೊರಟದ್ದನ್ನು ನೋಡಿ ಇಬ್ಬರೂ ಮತ್ತೆ ನಿಂತರು. ಅವಳು ಇರಿ ಎಂದದ್ದಕ್ಕೆ ಅವನು ಇರುವುದೋ, ಅವನು ಇರಿ ಎಂದದ್ದಕ್ಕೆ ಅವಳು ಇರುವುದೋ? ಹೀಗೆ ಕಾಲು ಗಂಟೆ ಹೋಯಿತು.

ಅವಳಿಗೆ ನಗುವೂ ಬಂತು, ಅಳುವೂ ಬಂತು.

'ಈ ಕೈಮಾತಿನಿಂದಲೇ ಹಾಳಾಗಿದ್ದು. ಇನ್ನು ಸಾಕು. ಬಾಯಿ ಇದೆ ನನಗೆ.'

ದುರ್ಬೀನನ್ನು ಚೀಲಕ್ಕೆ ತುರುಕಿದಳು, ಸೈಕಲ್ ಏರಿದಳು, ತಿರುಗಿ ನೋಡಲಿಲ್ಲ.

ನಾಲ್ಕು ಮೈಲಿ ತುಳಿದಿರಬೇಕು, ಸೈಕಲ್ಲಿನ ಚೈನು ಕಳಚಿಕೊಂಡಿತು. ರಸ್ತೆಯ ಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಸಿಕ್ಕಿಸಿದರೂ ಅದು ಜಾರುತ್ತಿತ್ತು. ಕೈಯೆಲ್ಲ ಕಪ್ಪು ಮಸಿ. ಕಣ್ಣೊರೆಸಿಕೊಂಡು ಮುಖಕ್ಕೂ ಬಳಿದುಕೊಂಡಳು. ಒಂದು ಹಳೆಯ ವ್ಯಾನು ಬರ್‍ರೆಂದು ಪಕ್ಕದಲ್ಲೇ ಹಾದುಹೋಯಿತು. ಮುಂದೆ ಹೋಗಿ ಕಿರ್‍ರೆಂದು ನಿಂತಿತು. ಆಮೇಲೆ ಹಿಮ್ಮುಖವಾಗಿ, ಅಡ್ಡಾದಿಡ್ಡಿಯಾಗಿ ಅವಳವರೆಗೂ ಬಂತು.

ವ್ಯಾನಿನ ತುಂಬ ಹರ್ಲಿಂಗ್ ಕೋಲು ಮಾಡುವ ಮರದ ಹಲಗೆಗಳು. ಬಾಗಿಲು ತೆರೆದು ಇಳಿದವನು ಟೋಪಿಯನ್ನು ಕೈಯಲ್ಲಿ ಹಿಂಡುತ್ತ ನಿಂತ. ನಲವತ್ತು ದಾಟಿದ ಮುಖ, ಕೆಂಪೇರಿದ ಕಿವಿ.

"ಏಳನೇ ನಂಬರ್... ಅಲ್ವಾ?"

ಅವಳು ಎದ್ದು ನಿಂತಳು. ಏನೇನೋ ಹೇಳಬೇಕೆಂದು ಹದಿನೆಂಟು ಮೈಲಿ ಉದ್ದಕ್ಕೂ ಮಾತು ಜೋಡಿಸಿಕೊಂಡಿದ್ದಳು. ಬಾಯಿಂದ ಬಂದದ್ದು ಬೇರೆ.

"ನೀವು ಇಷ್ಟು ಕುಳ್ಳಗಿದ್ದೀರಾ?"

ಅವನು ಇನ್ನಷ್ಟು ಕೆಂಪಾದ. "ಅದು... ಪೆಟ್ಟಿಗೆ ಮೇಲೆ ನಿಂತ್ಕೋತಿದ್ದೆ. ನಿಮಗೆ ಚೆನ್ನಾಗಿ ಕಾಣ್ಲಿ ಅಂತ."

ಅಷ್ಟೇ ಸಾಕಾಯಿತು. ಬ್ರೀಡಾ ರಸ್ತೆಯ ಮಧ್ಯದಲ್ಲೇ ಬಿಕ್ಕಿ ಬಿಕ್ಕಿ ಅಳತೊಡಗಿದಳು. ಅವನು ಗಾಬರಿಯಿಂದ ಜೇಬು ತಡಕಿದ. ಕರವಸ್ತ್ರ ಸಿಗಲಿಲ್ಲ, ಟೋಪಿಯನ್ನೇ ಕೊಟ್ಟ.

"ಅಳಬೇಡ್ರೀ... ನಾನು ಕ್ಷಮೆ ಕೇಳೋಣ ಅಂತ್ಲೇ ಬೆಳಿಗ್ಗೆ ಎದ್ದು ನಿಮ್ಮ ದಡಕ್ಕೆ ಹೋದೆ. ಏನು ತಪ್ಪು ಮಾಡಿದೆ ಅಂತ ಗೊತ್ತಿಲ್ಲ. ಆದ್ರೂ ಕೇಳ್ಬೇಕು ಅನ್ನಿಸ್ತು."

"ತಪ್ಪು ನಿಮ್ಮದಲ್ಲ! ನೀವು ಒಂದು ಅಂತ ತೋರಿಸಿದ್ದು ನನ್ನನ್ನೇ ಅಂದ್ಕೊಂಡೆ. ಒಂಟಿ ಹೆಂಗಸು, ಮುದುರ್ಕೊಂಡು ಕೂತವಳು ಅಂತ ಅಣಕಿಸ್ತಿದ್ದೀರ ಅಂತ..."

ಅವನ ಮುಖ ಬಿಳಿಚಿಕೊಂಡಿತು. "ನಿಮ್ಮನ್ನಾ? ನಾನಾ?" ಅವನು ನದಿಯ ಕಡೆ ಕೈ ತೋರಿಸಿದ. "ಅದು ಹಂಸ ಕಣ್ರೀ!"

"ಗೊತ್ತಾಯ್ತು. ಈಗ ದಿನಾ ಬಾರ್ಲಿ ತಿಂದು ನನ್ನನ್ನೇ ಕಚ್ಚೋಕೆ ಬರುತ್ತೆ."

"ನೋಡಿದೆ. ಬಾರ್ಲಿ ಕಾಳು ನೋಡೇ ನನಗೂ ಸ್ವಲ್ಪ ಧೈರ್ಯ ಬಂತು." ಅವನು ತಲೆ ಕೆರೆದುಕೊಂಡ. "ಆದ್ರೆ ನಿಮಗೆ ಹೇಗೆ ಗೊತ್ತಾಯ್ತು? ನಾನು ಯಾರಿಗೂ ಹೇಳಿರಲಿಲ್ಲ."

ಬ್ರೀಡಾ ಟೋಪಿಯಿಂದ ಮುಖ ಒರೆಸಿಕೊಂಡಳು. ಈಗ ಸುಮ್ಮನಾದರೆ ಜೀವನಪೂರ್ತಿ ಸುಮ್ಮನಿರಬೇಕಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

"ನಿಮ್ಮ ಷರಾ ಓದಿದೆ."

"ಎಲ್ಲಾ?"

"ಎಲ್ಲಾ. ಮೂರು ಸಲ."

"ಅದನ್ನ ಯಾರೂ ಓದಲ್ಲ ಅಂದ್ಕೊಂಡಿದ್ದೆ," ಅವನು ನೆಲ ನೋಡುತ್ತ ಅಂದ. "ಅಣ್ಣ ಸತ್ತ ಮೇಲೆ ವರ್ಕ್‌ಶಾಪಿನಲ್ಲಿ ನಾನೊಬ್ಬನೇ. ಯಾರ ಹತ್ರಾನೂ ಹೇಳೋಕೆ ಏನೂ ಇರಲಿಲ್ಲ. ತಿಂಗಳಿಗೊಂದು ದಿನ ನೀವು ಬರ್ತಿದ್ರಿ. ಅದನ್ನ ಎಲ್ಲಾದ್ರೂ ಬರೆದಿಡಬೇಕು ಅನ್ನಿಸ್ತಿತ್ತು. ನಿಮಗೆ ಕೆಟ್ಟದಾಗಿ ಕಂಡ್ರೆ..."

"ಮ್ಯಾಲಕಿ."

ಮೊದಲ ಸಲ ಆ ಹೆಸರನ್ನು ಅವಳು ಬಾಯಿಬಿಟ್ಟು ಹೇಳಿದ್ದು. ಅವನು ತಲೆ ಎತ್ತಿದ.

"ಆ ಜನವರಿಯಲ್ಲಿ ನಾನು ಬರಲಿಲ್ಲ ಅಂತ ಬರೆದಿದ್ದೀರಲ್ಲ... ಅವತ್ತು ನಮ್ಮಮ್ಮ ಹೋಗಿದ್ಲು. ಮನೆ ತುಂಬ ಜನ ಇದ್ರು. ಆದ್ರೂ ನಾನು ಇದ್ದೀನೋ ಇಲ್ವೋ ಅಂತ ಕೇಳೋರು ಇನ್ನು ಯಾರೂ ಇಲ್ಲ ಅಂತ ಅವತ್ತೇ ಅಂದ್ಕೊಂಡೆ. ಎರಡು ವರ್ಷದಿಂದ ಹಾಗೇ ಅಂದ್ಕೊಂಡು ಬದುಕಿದೆ." ಅವಳು ಮತ್ತೆ ಟೋಪಿಯಿಂದ ಕಣ್ಣೊರೆಸಿಕೊಂಡಳು. "ನೀವು ಹನ್ನೆರಡರವರೆಗೆ ಕಾದಿದ್ದೀರಿ ಅಂತ ನನಗೆ ಗೊತ್ತೇ ಇರಲಿಲ್ಲ!"

ಅವನು ಅವಳ ಮಸಿ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡ. ಮರ ಕೆತ್ತಿ ಕೆತ್ತಿ ಒರಟಾದ ಕೈ. ಬೆಚ್ಚಗಿತ್ತು. ಅವರಿಬ್ಬರೂ ಅಷ್ಟು ಹತ್ತಿರ ನಿಂತದ್ದು ಅದೇ ಮೊದಲು, ದುರ್ಬೀನು ಇಲ್ಲದೆ ನೋಡಿದ್ದೂ ಅದೇ ಮೊದಲು. ಅವನ ಕಣ್ಣು ಕಂದು ಬಣ್ಣ ಎಂದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಆಮೇಲೆ ಅವನು ಸೈಕಲ್ಲನ್ನು ಹಲಗೆಗಳ ಮೇಲೆ ಮಲಗಿಸಿದ. ಅವಳು ಮುಂದಿನ ಸೀಟಿನಲ್ಲಿ ಕೂತಳು. ವ್ಯಾನು ಸೇತುವೆ ದಾಟಿ ಆಫಲಿಯ ಕಡೆ ಇಳಿಯಿತು.

"ನಮ್ಮೂರಲ್ಲಿ ನಿಮ್ಮನ್ನ ನೋಡಿದ್ರೆ, ಗಾಲ್ವೇಯವನನ್ನ ಕರ್ಕೊಂಡು ಬಂದ್ಲು ಅಂತ ವರ್ಷಗಟ್ಟಲೆ ಆಡ್ಕೋತಾರೆ," ಎಂದಳು.

"ನಮ್ಮೂರಲ್ಲಿ ಗೊತ್ತಾದ್ರೆ ನನ್ನ ಕೋಲನ್ನ ಯಾರೂ ಕೊಳ್ಳಲ್ಲ," ಎಂದ ಅವನು, ಬಹಳ ಗಂಭೀರವಾಗಿ.

ಅವಳು ನಕ್ಕಳು. ಎಷ್ಟು ಕಾಲವಾಗಿತ್ತೋ ಹಾಗೆ ಗಟ್ಟಿಯಾಗಿ ನಕ್ಕು!

ಕಲ್ಲುಕಟ್ಟೆಯ ದಾರಿ ತಿರುಗುವಲ್ಲಿ ಅವನು ವ್ಯಾನು ನಿಧಾನ ಮಾಡಿದ. "ಮುಂದಿನ ತಿಂಗಳ ಎಣಿಕೆಗೆ ನಾನು ಎಲ್ಲಿ ನಿಂತ್ಕೊಳ್ಳಲಿ?"

"ನಿಮ್ಮ ಜಾಗದಲ್ಲೇ. ಎರಡು ದಡಕ್ಕೂ ಜನ ಬೇಕು. ಟೀಚರ್ ಬಿಡ್ತಾರಾ?"

"ಮತ್ತೆ ಅಷ್ಟು ದೂರಾನಾ..." ಅವನ ಮುಖ ಸಣ್ಣದಾಯಿತು.

ಬ್ರೀಡಾ ಕಿಟಕಿಯಾಚೆ ನೀರಿನ ಕಡೆ ತಿರುಗಿದಳು.

"ಎಣಿಕೆ ಹತ್ತೂವರೆಗೆ ಮುಗಿಯುತ್ತೆ ಮ್ಯಾಲಕಿ. ಆಮೇಲೆ ಇಡೀ ತಿಂಗಳು ಖಾಲಿ ಇರುತ್ತೆ."

ವ್ಯಾನು ನಿಂತೇಹೋಯಿತು.

"ಬರ್ಲಾ?" ಅವನ ದನಿ ಕೇಳಿಸಿತೋ ಇಲ್ಲವೋ ಎಂಬಷ್ಟು ಮೆಲ್ಲಗಿತ್ತು. "ಆ ದಿನಗಳೆಲ್ಲ... ಬರ್ಲಾ?"

"ಬಾ," ಎಂದಳು ಬ್ರೀಡಾ. "ದಿನಾ ಬಾ."